ಮೂವತ್ತಾರು ಸುತ್ತು

ನಮ್ಮ ಸಂಸ್ಥೆಯ ವರ್ಕ್‌ಷಾಪಿನಲ್ಲಿ ನಾನು ಲೇತ್ ಓಡಿಸುವವನು. ಇಪ್ಪತ್ತೆರಡು ವರ್ಷದಿಂದ ಅದೇ ಲೇತ್, ಅದೇ ಸ್ಟೂಲು. ವಿಜ್ಞಾನಿಗಳು ಚಿತ್ರ ಬರೆದು ಕೊಡುತ್ತಾರೆ, ನಾನು ಲೋಹ ಕಡೆದು ಕೊಡುತ್ತೇನೆ. ಅದು ಆಮೇಲೆ ಎಲ್ಲಿಗೆ ಹೋಗುತ್ತದೆ, ಏನಾಗುತ್ತದೆ ಎಂದು ಕೇಳುವ ಅಭ್ಯಾಸ ನನಗಿರಲಿಲ್ಲ. ಆ ಅಭ್ಯಾಸ ಹತ್ತಿಸಿದವರು ಪಕ್ಕದ ಮೇಜಿನ ವೈಂಡಿಂಗ್ ಅಕ್ಕ.

ವೈಂಡಿಂಗ್ ಅಕ್ಕ ಎಂದರೆ ನಿರ್ದೇಶಕರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಗೊತ್ತು. ಐವತ್ತು ದಾಟಿದ ಹೆಂಗಸು. ಆಳು ಕುಳ್ಳು, ಬೆರಳುಗಳು ಮಾತ್ರ ಆಳಿಗೆ ಮೀರಿದ ಉದ್ದ. ಸುಟ್ಟುಹೋದ ಮೋಟಾರಿನ ತಂತಿ ಕಿತ್ತು ಹೊಸದಾಗಿ ಸುತ್ತುವುದು ಅವರ ಕಸುಬು. ಪಂಪು, ಫ್ಯಾನು, ಲಿಫ್ಟಿನ ಮೋಟಾರು, ಏನೇ ಕೆಟ್ಟರೂ ಮೊದಲು ಅವರ ಮೇಜಿಗೆ ಬರುತ್ತದೆ. ಅಕ್ಕ ಅದನ್ನು ಮೂಗಿನ ಹತ್ತಿರ ಹಿಡಿದು ಮೂಸುತ್ತಾರೆ. "ಇದು ನೀರು ಕುಡಿದು ಸತ್ತದ್ದು" ಅಥವಾ "ಇದನ್ನ ದುಡಿಸಿ ದುಡಿಸಿ ಸಾಯಿಸಿದಾರೆ" ಎನ್ನುತ್ತಾರೆ. ಬಿಚ್ಚಿ ನೋಡಿದರೆ ಹಾಗೇ ಇರುತ್ತದೆ.

ಅವರ ಅಪ್ಪನಿಗೆ ಮೋಟಾರ್ ರಿಪೇರಿಯ ಅಂಗಡಿಯಿತ್ತು. ಒಂದೇ ಕೋಣೆ, ಗೋಡೆಯ ತುಂಬ ಮೊಳೆಗೆ ತೂಗುಹಾಕಿದ ತಂತಿಯ ಸುರುಳಿಗಳು, ಬಾಗಿಲಾಚೆಗೂ ಬರುವ ವಾರ್ನಿಷ್ ವಾಸನೆ. ಒಂಬತ್ತನೆಯ ವಯಸ್ಸಿಗೆ ಅಕ್ಕ ಅಲ್ಲಿ ಎಳೆತ ಹಿಡಿಯಲು ನಿಂತರು. ಅಪ್ಪ ಸುತ್ತುತ್ತಾರೆ, ಮಗಳು ತಂತಿಯ ಇನ್ನೊಂದು ತುದಿಯನ್ನು ಬಟ್ಟೆಯಲ್ಲಿ ಹಿಡಿದು ಬಿಗಿ ಕಾಯಬೇಕು. ಬಿಗಿ ಹೆಚ್ಚಾದರೆ ತಂತಿಯ ಮೈಮೇಲಿನ ಲೇಪ ಸೀಳುತ್ತದೆ, ಕಡಿಮೆಯಾದರೆ ಸುತ್ತು ಸಡಿಲವಾಗುತ್ತದೆ. ಹದಿನಾರು ತುಂಬುವ ಹೊತ್ತಿಗೆ ಸುತ್ತುವ ಜಾಗಕ್ಕೆ ಅಕ್ಕನೇ ಬಂದಿದ್ದರು. ಎಳೆತ ಹಿಡಿಯುವ ಜಾಗಕ್ಕೆ ಅವರ ತಮ್ಮ ಬಂದಿದ್ದ. ಅಕ್ಕ-ತಮ್ಮ ಹೀಗೆ ಹನ್ನೆರಡು ವರ್ಷ ಎದುರುಬದುರು ನಿಂತು ದುಡಿದರು. ಅಪ್ಪನಿಗೆ ಕಣ್ಣು ಮಂಜಾದಾಗ ಅಂಗಡಿಯ ಬೋರ್ಡಿಗೆ ಹೊಸ ಬಣ್ಣ ಬಿತ್ತು. ಅಪ್ಪನ ಹೆಸರಿನ ಮುಂದೆ "ಮತ್ತು ಮಗ" ಎಂದು ಬರೆದಿತ್ತು.

ಅಕ್ಕ ಜಗಳ ಆಡಲಿಲ್ಲ. ಕೈಯಲ್ಲಿದ್ದ ಪಂಪಿನ ಕೆಲಸ ಮುಗಿಸಿ, ಮೇಜು ಒರೆಸಿ ಮನೆಗೆ ಹೋದರು. ಮರುವಾರ ನಮ್ಮ ಸಂಸ್ಥೆಯ ಸಂದರ್ಶನಕ್ಕೆ ಬಂದರು. ಅಲ್ಲಿಂದೀಚೆಗೆ ಅಕ್ಕ-ತಮ್ಮ ಮುಖ ನೋಡಿಕೊಳ್ಳುತ್ತಿದ್ದದ್ದು ಮದುವೆಯಲ್ಲಿ ಇಲ್ಲವೇ ಸಾವಿನಲ್ಲಿ. "ಹೇಗಿದೀಯ", "ಚೆನ್ನಾಗಿದೀನಿ", ಅಷ್ಟೇ ಮಾತು.

ಈಗ ನಮ್ಮ ಸಂಸ್ಥೆಯ ನೆಲಮಾಳಿಗೆಗೆ ಬರೋಣ. ಅಲ್ಲಿ ಕಿಟಕಿಯಿಲ್ಲದ ಒಂದು ದೊಡ್ಡ ಕೋಣೆ. ಕೋಣೆಯ ನಡುವೆ ಉಕ್ಕಿನ ಮೇಜು, ಮೇಜಿನ ಮೇಲೆ ನೂರ ನಲವತ್ತು ಪುಟ್ಟ ಕನ್ನಡಿಗಳು, ಮಧ್ಯದಲ್ಲಿ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಗಾಜಿನ ಗೂಡು. ಗೂಡಿನೊಳಗೆ ಗಾಳಿಯನ್ನು ಪೂರಾ ಹೀರಿ ತೆಗೆದು, ಪೊಟ್ಯಾಸಿಯಂ ಮತ್ತು ರುಬಿಡಿಯಂ ಎಂಬ ಎರಡು ಜಾತಿಯ ಪರಮಾಣುಗಳನ್ನು ಲೇಸರ್ ಬೆಳಕಿನಿಂದ ಹಿಡಿದು ತಣ್ಣಗೆ ಮಾಡುತ್ತಾರೆ. ಎಷ್ಟು ತಣ್ಣಗೆ ಎಂದರೆ, ಇದಕ್ಕಿಂತ ಕೆಳಗೆ ಇಳಿಯಲು ಸಾಧ್ಯವೇ ಇಲ್ಲ ಎನ್ನುವ ಕೊನೆಯ ಮಟ್ಟವಿದೆಯಲ್ಲ, ಅದರಿಂದ ಒಂದು ಡಿಗ್ರಿಯ ಕೋಟಿಯಲ್ಲಿ ಮೂರು ಪಾಲಿನಷ್ಟು ಮಾತ್ರ ಮೇಲೆ. ಅಷ್ಟು ತಣ್ಣಗಾದ ಪರಮಾಣುಗಳು ಬಹುಮಟ್ಟಿಗೆ ನಿಂತಲ್ಲೇ ನಿಲ್ಲುತ್ತವೆ. ಆಗ ಗೂಡಿನ ಮೇಲೂ ಕೆಳಗೂ ಇರುವ ತಾಮ್ರದ ಕಾಯಿಲುಗಳಿಗೆ, ಅಂದರೆ ಸುರುಳಿಗಳಿಗೆ, ಕರೆಂಟು ಬಿಟ್ಟು ಪರಮಾಣುಗಳ ಸುತ್ತಲಿನ ಅಯಸ್ಕಾಂತ ಕ್ಷೇತ್ರವನ್ನು ನಿಧಾನವಾಗಿ ಬದಲಿಸುತ್ತ ಒಂದು ನಿರ್ದಿಷ್ಟ ಬಿಂದುವನ್ನು ದಾಟಿಸಿದರೆ, ಪೊಟ್ಯಾಸಿಯಂ ಒಂದು ರುಬಿಡಿಯಂ ಒಂದು ಜೊತೆಗೂಡಿ ಅಣುವಾಗುತ್ತದೆ. ಬಿಸಿಯಿಲ್ಲ, ಬೆಂಕಿಯಿಲ್ಲ, ಡಿಕ್ಕಿಯಿಲ್ಲ. ಇಂಥ ತಣ್ಣನೆಯ ಅಣುಗಳು ಕೈಗೆ ಸಿಕ್ಕರೆ, ರಾಸಾಯನಿಕ ಕ್ರಿಯೆ ಎಂಬುದು ಹೇಗೆ ನಡೆಯುತ್ತದೆ ಎಂದು ಒಂದೊಂದೇ ಹೆಜ್ಜೆ ನಿಲ್ಲಿಸಿ ನೋಡಬಹುದು. ಇದೆಲ್ಲ ಅಕ್ಕ ಕೇಳಿ ತಿಳಿದು ನನಗೆ ಹೇಳಿದ್ದು.

ಆ ಕೋಣೆಯ ಯಜಮಾನರು ಪ್ರೊಫೆಸರ್. ಮೆತ್ತಗೆ ಮಾತಾಡುವವರು, ಹಿಡಿದ ಪಟ್ಟು ಮಾತ್ರ ಬಿಡುವವರಲ್ಲ. ದಿನವೆಲ್ಲ ಅಲ್ಲಿ ದುಡಿಯುವವಳು ಒಬ್ಬ ಸಂಶೋಧನಾ ವಿದ್ಯಾರ್ಥಿನಿ. ಕಣ್ಣಿಗೆ ಸದಾ ಕಿತ್ತಳೆ ಬಣ್ಣದ ಕನ್ನಡಕ ಹಾಕಿಕೊಂಡಿರುತ್ತಿದ್ದರಿಂದ ವರ್ಕ್‌ಷಾಪಿನವರಿಗೆಲ್ಲ ಅವಳು ಲೇಸರ್ ಹುಡುಗಿ. ಐದನೆಯ ವರ್ಷ ನಡೆಯುತ್ತಿತ್ತು. ಪರಮಾಣುಗಳು ಚೆನ್ನಾಗಿ ತಣ್ಣಗಾಗುತ್ತಿದ್ದವು. ಜೊತೆಗೂಡುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಮಾಡುತ್ತಿದ್ದವು. ಸೋಮವಾರ ಏನೋ ಕಂಡಂತಾಗುತ್ತಿತ್ತು, ಮಂಗಳವಾರ ಅದೇ ಅಳತೆ ಇಟ್ಟರೆ ಏನೂ ಇಲ್ಲ. ಕ್ಷೇತ್ರ ಲಕ್ಷದಲ್ಲಿ ಎರಡು ಪಾಲಿನಷ್ಟೂ ಅಲುಗಾಡಬಾರದು. ಅದು ಎಲ್ಲೋ ಅಲುಗುತ್ತಿದೆ, ಎಲ್ಲಿ ಎಂದು ಗೊತ್ತಾಗುತ್ತಿಲ್ಲ. ವಿದ್ಯುತ್ ಸರಬರಾಜಿನ ಪೆಟ್ಟಿಗೆಯನ್ನು ಎರಡು ಸಲ ಬದಲಾಯಿಸಿದರು. ಮೇಲಿನ ಮಹಡಿಯ ಲಿಫ್ಟನ್ನು ಮೂರು ವಾರ ನಿಲ್ಲಿಸಿದರು. ಲೆಕ್ಕಪತ್ರ ವಿಭಾಗದವರು ಮೆಟ್ಟಿಲು ಹತ್ತುತ್ತ ಭೌತಶಾಸ್ತ್ರಕ್ಕೆ ಹಿಡಿಶಾಪ ಹಾಕಿದರು. ಅಣು ಮಾತ್ರ ಬರಲಿಲ್ಲ.

ಅಕ್ಕನನ್ನು ಆ ಕೋಣೆಗೆ ಕರೆದದ್ದು ಇದಕ್ಕಲ್ಲ. ತಂಪುನೀರಿನ ಪಂಪು ಕಿರುಗುಟ್ಟುತ್ತಿತ್ತು, ಅದನ್ನು ನೋಡಲು. ಬೇರಿಂಗ್ ಬದಲಿಸಿ, ಕೈ ಒರೆಸಿಕೊಂಡು ಹೊರಡಬೇಕು ಎನ್ನುವಾಗ ನಿಂತುಬಿಟ್ಟರು.

"ಅದೇನು ಟಿಕ್ ಅಂತು?"

"ಸ್ವಿಚ್ಚು, ಅಕ್ಕ. ಕಾಯಿಲಿಗೆ ಕರೆಂಟು ಬಿಟ್ಟಾಗ ಸ್ವಿಚ್ಚು ಟಿಕ್ ಅನ್ನುತ್ತೆ" ಎಂದಳು ಲೇಸರ್ ಹುಡುಗಿ.

"ಇನ್ನೊಂದು ಸಲ ಬಿಡು."

ಬಿಟ್ಟಳು. ಅಕ್ಕ ಕಣ್ಣು ಮುಚ್ಚಿ ಕೇಳಿದರು. ಐದಾರು ಸಲ ಬಿಡಿಸಿದರು.

"ಎರಡು ಟಿಕ್ ಇದಾವೆ. ಒಂದು ಸ್ವಿಚ್ಚೇ. ಅದು ಯಾವಾಗ್ಲೂ ಒಂದೇ ತರ. ಅದರ ಹಿಂದೇನೇ ಇನ್ನೊಂದು ಬರುತ್ತೆ ನೋಡು, ಅದು ಒಂದೊಂದು ಸಲ ಒಂದೊಂದು ತರ."

ಮೋಟಾರ್ ರಿಪೇರಿಯವರು ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕೇಳುವ ರೂಢಿಯಿದೆ. ಅಕ್ಕನ ಕೈ ತಾನಾಗಿ ಜೇಬಿಗೆ ಹೋಯಿತು. ಸ್ಕ್ರೂಡ್ರೈವರ್ ಮೇಜಿನ ಹತ್ತಿರ ಬರುತ್ತಿದ್ದಂತೆ ಯಾರೋ ಅತ್ತ ಜಗ್ಗಿದ ಹಾಗಾಯಿತು. ಹುಡುಗಿ ಧಾವಿಸಿ ಬಂದು ಅವರ ಮಣಿಕಟ್ಟು ಹಿಡಿದುಕೊಂಡಳು.

"ಕಬ್ಬಿಣ ಬೇಡ ಅಕ್ಕ, ನಿಮ್ಮ ದಮ್ಮಯ್ಯ. ಗಾಜು ಹೋಯಿತು ಅಂದರೆ ನಾನೂ ಹೋದ ಹಾಗೇ."

ಅಕ್ಕ ಹೊರಗೆ ಹೋಗಿ ನೆಲ ಒರೆಸುವ ಕೋಲಿನ ಮರದ ಹಿಡಿಯನ್ನು ಬಿಚ್ಚಿ ತಂದರು. ಕರೆಂಟು ನಿಲ್ಲಿಸಿ, ಅದರ ತುದಿಯನ್ನು ಕಾಯಿಲಿನ ಅಂಚಿಗೆ ಹುಷಾರಾಗಿ ಆನಿಸಿ ಇನ್ನೊಂದು ತುದಿಗೆ ಕಿವಿ ಕೊಟ್ಟರು. ಮತ್ತೆ ಬಿಡು ಎಂದು ಕೈಸನ್ನೆ ಮಾಡಿದರು.

"ಒಳಗಡೆ ಒಂದು ಸುತ್ತು ಸಡಿಲ ಇದೆ. ಕರೆಂಟು ಬಂದಾಗ ಎದ್ದು ಕೂರುತ್ತೆ, ಹೋದಾಗ ಮಲಗುತ್ತೆ. ಆದರೆ ಮಲಗಿದ ಜಾಗದಲ್ಲೇ ಮತ್ತೆ ಮಲಗಲ್ಲ."

ಆ ಕಾಯಿಲುಗಳನ್ನು ಮಾಡಿದ್ದು ಹೊರಗಿನ ಒಂದು ಕಾರ್ಖಾನೆ. ಪರೀಕ್ಷೆಯ ವರದಿ ಎರಡು ಪುಟ ಇತ್ತು, ಎರಡು ಪುಟದಲ್ಲೂ ಎಲ್ಲ ಸರಿಯಿತ್ತು. ಪ್ರೊಫೆಸರ್ ವರದಿಯನ್ನು ಅಕ್ಕನ ಮುಂದಿಟ್ಟರು.

"ನಿಮ್ಮ ಕಿವಿ ಮೇಲೆ ನನಗೆ ಅಪನಂಬಿಕೆ ಇಲ್ಲಮ್ಮ. ಆದರೆ ಕಾಯಿಲು ತೆಗೀಬೇಕು ಅಂದರೆ ಅಷ್ಟೂ ಕನ್ನಡಿ ಕೀಳಬೇಕು. ಮತ್ತೆ ಜೋಡಿಸೋಕೆ ಮೂರು ತಿಂಗಳು. ಒಂದು ಟಿಕ್ ಸದ್ದಿಗೆ ಅಷ್ಟೆಲ್ಲ ಬಿಚ್ಚೋಕಾಗುತ್ತಾ?"

"ಸದ್ದು ಕೇಳಿಸ್ತು ಅಂತ ಹೇಳಿದೆ ಸರ್. ಬಿಚ್ಚೋದು ಬಿಡೋದು ನಿಮಗೆ ಸೇರಿದ್ದು" ಎಂದು ಅಕ್ಕ ವರ್ಕ್‌ಷಾಪಿಗೆ ಬಂದುಬಿಟ್ಟರು. ಅಂದು ಒಂದು ಫ್ಯಾನಿನ ತಂತಿಯನ್ನು ಎಷ್ಟು ಸಿಟ್ಟಿನಿಂದ ಕಿತ್ತರೆಂದರೆ, ನಾನು ಸ್ಟೂಲು ಸ್ವಲ್ಪ ದೂರ ಸರಿಸಿಕೊಂಡೆ.

ಸುಮ್ಮನಿರದವಳು ಲೇಸರ್ ಹುಡುಗಿ. ಉಗುರಿನಷ್ಟು ದೊಡ್ಡ ಕನ್ನಡಿಯೊಂದನ್ನು ಕಾಯಿಲಿನ ಅಂಚಿಗೆ ಅಂಟಿಸಿದಳು. ಅದಕ್ಕೆ ಸಣ್ಣ ಲೇಸರಿನ ಬೆಳಕು ಬಿಟ್ಟು, ಪ್ರತಿಫಲಿಸಿದ ಚುಕ್ಕೆ ಎಂಟು ಮೀಟರ್ ದೂರದ ಗೋಡೆಯ ಮೇಲೆ ಬೀಳುವಂತೆ ಮಾಡಿದಳು. ಅಲ್ಲಿ ಚೌಕುಳಿ ಹಾಳೆ ಅಂಟಿಸಿ, ನನ್ನನ್ನೂ ಅಕ್ಕನನ್ನೂ ಪ್ರೊಫೆಸರನ್ನೂ ಕರೆದಳು. ಕರೆಂಟು ಬಿಟ್ಟಾಗ ಚುಕ್ಕೆ ಅಕ್ಕಿಕಾಳಿನಷ್ಟು ಜಿಗಿಯಿತು. ನಿಲ್ಲಿಸಿದಾಗ ಹಿಂದಕ್ಕೆ ಬಂತು, ಆದರೆ ಹೊರಟ ಮನೆಗಲ್ಲ, ಪಕ್ಕದ ಮನೆಗೆ. ಇಪ್ಪತ್ತು ಸಲ ಮಾಡಿ ಇಪ್ಪತ್ತು ಗುರುತು ಹಾಕಿದಳು. ಹಾಳೆಯ ಮೇಲೆ ಅಷ್ಟೂ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು.

ಪ್ರೊಫೆಸರ್ ಗುರುತುಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ಹುಡುಗಿಯ ಕಡೆ ತಿರುಗಿದರು.

"ನಿನಗೆ ಉಳಿದಿರೋದು ಹನ್ನೊಂದು ತಿಂಗಳು. ಬಿಚ್ಚಿದ ಮೇಲೂ ಬರಲಿಲ್ಲ ಅಂದರೆ ಬರೆಯೋಕೆ ನಿನ್ನ ಹತ್ತಿರ ಏನೂ ಇರಲ್ಲ. ಪದವಿ ನಿಂದು, ನೀನೇ ಹೇಳು."

"ಬಿಚ್ಚೋಣ ಸರ್" ಎಂದಳು ಹುಡುಗಿ.

"ಹೊಸ ಕಾಯಿಲು ಯಾರು ಮಾಡಿಕೊಡ್ತಾರೆ? ಆ ಕಾರ್ಖಾನೆಯವರನ್ನ ಕೇಳಿದರೆ ಒಂದು ವರ್ಷ ಅಂತಾರೆ."

"ತಾಮ್ರ ತರಿಸಿ ಕೊಡಿ" ಎಂದರು ಅಕ್ಕ. "ನಾನು ಸುತ್ತುತೀನಿ."

ಇದು ಫ್ಯಾನಿನ ತಂತಿಯಲ್ಲ. ಪೆನ್ಸಿಲಿಗಿಂತ ಸಣ್ಣ, ಚೌಕಾಕಾರದ ಟೊಳ್ಳು ತಾಮ್ರದ ಕೊಳವೆ. ಒಳಗೆ ತಂಪುನೀರು ಹರಿಯಬೇಕು, ಮೈಯಲ್ಲಿ ಮುನ್ನೂರು ಆಂಪಿಯರ್ ಕರೆಂಟು ಹರಿಯಬೇಕು. ಒಂದು ಕಾಯಿಲಿಗೆ ಆರು ಪದರ, ಪದರಕ್ಕೆ ಆರು ಸುತ್ತು, ಒಟ್ಟು ಮೂವತ್ತಾರು. ನಡುವೆ ಒಂದೂ ಬೆಸುಗೆ ಇರಕೂಡದು. ಇಂಥವು ಎರಡು ಬೇಕು, ಒಂದು ಗಾಜಿನ ಮೇಲೆ, ಒಂದು ಕೆಳಗೆ, ಅವಳಿಜವಳಿಯ ಹಾಗೆ. ಕಾರ್ಖಾನೆಯವರು ಸುತ್ತಿ ಮುಗಿಸಿ ಆಮೇಲೆ ಅಂಟು ಹೊಯ್ದಿದ್ದರು. ಒಳಗಿನ ಪದರಕ್ಕೆ ಅದು ಇಳಿದೇ ಇರಲಿಲ್ಲ. ಅಕ್ಕ ಬೇರೆ ದಾರಿ ಹಿಡಿದರು. ಒಂದೊಂದು ಸುತ್ತಿಗೂ ಅಂಟು ಸವರುತ್ತಲೇ ಸುತ್ತುವುದು. ತೊಡಕು ಏನೆಂದರೆ, ಕಲಸಿದ ಅಂಟು ಒಂದೂವರೆ ಗಂಟೆಯಲ್ಲಿ ಕಲ್ಲಾಗುತ್ತದೆ. ಅಷ್ಟರೊಳಗೆ ಮೂವತ್ತಾರೂ ಕೂತಿರಬೇಕು.

ನನ್ನ ಲೇತಿನ ಮೋಟಾರು ಕಳಚಿ, ಕೈಯಲ್ಲಿ ತಿರುಗಿಸುವ ಚಕ್ರ ಹಾಕಿದೆ. ತಿರುಗಿಸುವವನು ನಾನು, ಕೂರಿಸುವವರು ಅಕ್ಕ, ಎಳೆತ ಹಿಡಿಯಲು ವರ್ಕ್‌ಷಾಪಿನ ವೆಲ್ಡರು. ವೆಲ್ಡರು ಗಟ್ಟಿ ಆಳು, ಅದೇ ತೊಂದರೆಯಾಯಿತು. ಮೊದಲು ಜಗ್ಗಿ ಹಿಡಿದ, ಅಕ್ಕ ಗದರಿದಾಗ ಸಡಿಲ ಬಿಟ್ಟ, ಮತ್ತೆ ಜಗ್ಗಿದ. ಇಪ್ಪತ್ತೊಂಬತ್ತನೆಯ ಸುತ್ತಿಗೆ ಅಂಟು ಹಿಡಿದುಕೊಂಡಿತು. ಮರುದಿನ ಅಕ್ಕ ಯಾರನ್ನೂ ಕೇಳದೆ ಆ ಕಾಯಿಲನ್ನು ಗರಗಸದಲ್ಲಿ ಎರಡು ಹೋಳು ಮಾಡಿದರು. ಒಳಗೆ ಕೂದಲೆಳೆಯಷ್ಟು ಸಂದುಗಳಿದ್ದವು.

"ತಾಮ್ರ ಹಾಳಾಯ್ತಲ್ಲ ಅಕ್ಕ" ಎಂದ ವೆಲ್ಡರು ಪೆಚ್ಚುಮೋರೆ ಹಾಕಿಕೊಂಡು.

"ತಾಮ್ರ ಬರುತ್ತೆ ಬಿಡಪ್ಪ. ನಿನ್ನ ತಪ್ಪಲ್ಲ. ಇದಕ್ಕೆ ಬೇರೆ ಕೈ ಬೇಕು."

ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಮೊದಲು ಅಕ್ಕ ಫೋನು ಹಚ್ಚಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಆಚೆಯವರ ದನಿಯೂ ಕೇಳಿಸುತ್ತಿತ್ತು.

"ಕೈಯಲ್ಲಿ ಕೆಲಸ ಇದೆಯೇನೋ?"

"ಇದೆ."

"ಎರಡು ದಿನ ಬಿಟ್ಟು ಬರೋಕಾಗುತ್ತಾ?"

"ಯಾತಕ್ಕೆ?"

"ಎಳೆತ ಹಿಡಿಯೋಕೆ."

"ಎಷ್ಟು ಗಂಟೆಗೆ ಬರಲಿ?"

ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅಕ್ಕನ ತಮ್ಮ ಬಂದ. ತಲೆ ನರೆತ, ಅಕ್ಕನಷ್ಟೇ ಕುಳ್ಳನೆಯ ಮನುಷ್ಯ. ಎಲ್ಲರೂ ಅವರನ್ನು ಅಕ್ಕ, ಅಕ್ಕ ಎನ್ನುವುದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡು, "ನನಗೆ ಇದ್ದದ್ದೇ ಒಬ್ಬಳು ಅಕ್ಕ. ನೀವೆಲ್ಲ ಸೇರಿ ಹಂಚ್ಕೊಂಡುಬಿಟ್ಟಿದೀರಲ್ಲ" ಎಂದ. ಅಕ್ಕ ನಗಲಿಲ್ಲ, ಆದರೆ ಅವನಿಗೆ ಮೊದಲ ಲೋಟ ಚಹಾ ತಾವೇ ಸುರಿದು ಕೊಟ್ಟರು.

ಕೆಲಸ ಶುರುವಾದ ಮೇಲೆ ಇಬ್ಬರೂ ಮಾತಾಡಲಿಲ್ಲ. ಅವನು ಚರ್ಮದ ಕೈಗವಸು ತೊಟ್ಟು ಕೊಳವೆ ಹಿಡಿದು ನಿಂತ. ಅಕ್ಕ ನೈಲಾನ್ ಸುತ್ತಿಗೆಯಿಂದ ಮೆತ್ತಗೆ ತಟ್ಟುತ್ತ, ಬ್ರಷ್ಷಿನಿಂದ ಅಂಟು ಸವರುತ್ತ ಒಂದೊಂದೇ ಸುತ್ತನ್ನು ಅದರ ಜಾಗಕ್ಕೆ ಕೂರಿಸಿದರು. ಆಗೊಮ್ಮೆ ಈಗೊಮ್ಮೆ "ಹೂಂ" ಎನ್ನುತ್ತಿದ್ದರು. ಅದು ಬಿಗಿ ಮಾಡು ಎಂದೋ ಬಿಡು ಎಂದೋ ನನಗೆ ತಿಳಿಯುತ್ತಿರಲಿಲ್ಲ, ಅವನಿಗೆ ತಿಳಿಯುತ್ತಿತ್ತು. ಪದರ ಬದಲಾಗುವ ಕಡೆ, ಕೊಳವೆ ಮೇಲಕ್ಕೆ ಹತ್ತುವ ಜಾಗದಲ್ಲಿ, ಅಕ್ಕ ಬಾಯಿ ತೆರೆಯುವ ಮೊದಲೇ ಅವನ ಕೈ ಸಡಿಲಾಗುತ್ತಿತ್ತು. ಮೂವತ್ತಾರನೆಯ ಸುತ್ತು ಕೂತಾಗ ಗಡಿಯಾರ ನೋಡಿದೆ. ಒಂದು ಗಂಟೆ ಹತ್ತು ನಿಮಿಷ. ಬಟ್ಟಲಿನ ಅಂಟು ಇನ್ನೂ ಜೇನಿನಂತೆ ಇಳಿಯುತ್ತಿತ್ತು. ಮರುದಿನ ಎರಡನೆಯದು ಇನ್ನೂ ಎಂಟು ನಿಮಿಷ ಮೊದಲೇ ಮುಗಿಯಿತು.

ಕೈ ತೊಳೆಯುವಾಗ ಅವನು ನಲ್ಲಿಯ ಕಡೆಗೇ ನೋಡುತ್ತ ಹೇಳಿದ. "ಆವತ್ತು ನಾನು ಅಪ್ಪಂಗೆ ಹೇಳಬೇಕಿತ್ತು. ಅಂಗಡೀಲಿ ಕೈ ನಿಂದು ಅಂತ ನನಗೆ ಗೊತ್ತಿತ್ತು."

ಅಕ್ಕ ಟವೆಲ್ಲು ಅವನ ಕಡೆ ಎಸೆದರು. "ಈಗ ಹೇಳಿದೆಯಲ್ಲ. ಬೆರಳಸಂದಿಲಿ ಅಂಟು ಇದೆ, ಸರಿಯಾಗಿ ಉಜ್ಜು."

ಗೋಡೆಯ ಚುಕ್ಕೆಯ ಪರೀಕ್ಷೆಯಲ್ಲಿ ಹೊಸ ಕಾಯಿಲುಗಳು ಅಲುಗಲಿಲ್ಲ. ಇಪ್ಪತ್ತು ಸಲ ಕರೆಂಟು ಬಿಟ್ಟರೂ ಹಾಳೆಯ ಮೇಲೆ ಬಿದ್ದದ್ದು ಒಂದೇ ಗುರುತು. ಲೇಸರ್ ಹುಡುಗಿ ಅದರ ಮೇಲೇ ಮತ್ತೆ ಮತ್ತೆ ಪೆನ್ನು ಒತ್ತಿ ಹಾಳೆ ತೂತು ಮಾಡಿದಳು. ಅಲ್ಲಿಂದ ಹನ್ನೊಂದು ವಾರ ಕನ್ನಡಿ ಜೋಡಿಸುವ ಕೆಲಸ.

ಈ ನಡುವೆ ಅಕ್ಕನ ಅತ್ತೆ, ಎಂಬತ್ತರ ಹಿರಿಜೀವ, ಸೊಸೆಯನ್ನು ಕೂರಿಸಿಕೊಂಡು ವಿಚಾರಿಸಿದರಂತೆ. "ಏನಮ್ಮ, ಅಷ್ಟು ಮುತುವರ್ಜಿಯಿಂದ ಏನು ಮಾಡ್ತಿದೀರಿ ಅಲ್ಲಿ?" ಎರಡು ಪರಮಾಣು ಸೇರಿಸಿ ಒಂದು ಅಣು ಮಾಡುತ್ತೇವೆ ಎಂದರು ಅಕ್ಕ. "ಬೇರೆ ಕಡೆ ಅವು ತಾವಾಗೇ ಸೇರಲ್ವಾ?" ಸೇರುತ್ತವೆ ಅತ್ತೆ, ಆದರೆ ಬಿಸಿಯಲ್ಲಿ ಡಿಕ್ಕಿ ಹೊಡೆದು ಸೇರುತ್ತವೆ, ಇಲ್ಲಿ ತಣ್ಣಗೆ ಸೇರಿಸಬೇಕು. ಅತ್ತೆ ಯೋಚಿಸಿ ಹೇಳಿದರಂತೆ, "ತಣ್ಣಗಿದ್ದಾಗ ಸೇರಿಸಿದರೇ ಒಳ್ಳೇದು. ನನ್ನನ್ನೂ ನಿಮ್ಮ ಮಾವನ್ನೂ ಬಿಸಿಯಲ್ಲೇ ಸೇರಿಸಿಬಿಟ್ಟಿದ್ದರು."

ಒಂದು ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನೆಲಮಾಳಿಗೆಯಿಂದ ಕರೆ ಬಂತು. ಅಕ್ಕನ ಜೊತೆ ನಾನೂ ಹೋದೆ. ಹುಡುಗಿ ಪರದೆಯ ಮುಂದೆ ಕೂತಿದ್ದಳು, ಪ್ರೊಫೆಸರ್ ಹಿಂದೆ ನಿಂತಿದ್ದರು. ಅವರ ಕ್ಯಾಮೆರಾಕ್ಕೆ ಕಾಣುವುದು ಪರಮಾಣುಗಳ ನೆರಳು ಮಾತ್ರ, ಅಣು ಕಾಣುವುದಿಲ್ಲ. ಹಾಗಾಗಿ ಮೊದಲು ಪರಮಾಣುಗಳನ್ನು ಜೋಡಿಸಬೇಕು, ಜೊತೆಯಾಗದೆ ಉಳಿದವನ್ನು ಬೆಳಕಿನಿಂದ ಊದಿ ಓಡಿಸಬೇಕು. ಆಗ ಚಿತ್ರ ಖಾಲಿ ಕಾಣಬೇಕು. ಆಮೇಲೆ ಕ್ಷೇತ್ರವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಒಯ್ದರೆ ಅಣುಗಳು ಬಿಚ್ಚಿಕೊಂಡು ಪರಮಾಣುಗಳು ಮತ್ತೆ ಕಾಣಿಸಬೇಕು. ಖಾಲಿ ಮಾಡುವುದು ಅವರಿಗೆ ಐದು ವರ್ಷದಿಂದ ಬರುತ್ತಿತ್ತು. ಮತ್ತೆ ತರುವುದೇ ಬಂದಿರಲಿಲ್ಲ.

ಹುಡುಗಿ ಗುಂಡಿ ಒತ್ತಿದಳು. ನಲವತ್ತು ಸೆಕೆಂಡು. ಮೊದಲ ಚಿತ್ರದಲ್ಲಿ ದುಂಡನೆಯ ಕಪ್ಪು ಮೋಡ. ಅವು ಜೊತೆಯಾಗುವ ಮುಂಚಿನ ಪರಮಾಣುಗಳು. ಇನ್ನೊಂದು ನಲವತ್ತು ಸೆಕೆಂಡು. ಚಿತ್ರ ಖಾಲಿ, ಒರೆಸಿದ ಸ್ಲೇಟಿನ ಹಾಗೆ. ಮೂರನೆಯ ಸಲ ಒತ್ತುವ ಮೊದಲು ಅವಳು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು. ಪಂಪಿನ ಸದ್ದು ಕೇಳುತ್ತಿತ್ತು. ಚಿತ್ರ ಬಂತು. ನಡುವೆ ಒಂದು ಮಸುಕು ದುಂಡು.

"ಮತ್ತೆ" ಎಂದರು ಪ್ರೊಫೆಸರ್.

ಮತ್ತೆ ಬಂತು. ಕ್ಷೇತ್ರವನ್ನು ಬೇಕೆಂದೇ ಆ ಬಿಂದು ದಾಟಿಸದೆ ನಿಲ್ಲಿಸಿ ನೋಡಿದರು, ಬರಲಿಲ್ಲ. ದಾಟಿಸಿದರು, ಬಂತು. ಹೀಗೆ ಊಟದ ಹೊತ್ತು ಮೀರುವವರೆಗೆ ಮೂವತ್ತಕ್ಕೂ ಹೆಚ್ಚು ಸಲ. ದುಂಡು ಒಂದು ಸಲವೂ ಕೈಕೊಡಲಿಲ್ಲ. ಹುಡುಗಿ ಲೆಕ್ಕ ಹಾಕಿ, "ಒಂದೊಂದು ಸಲಕ್ಕೂ ಮೂವತ್ತು ಸಾವಿರ ಅಣು, ಸರ್" ಎಂದಳು. ಹೇಳುತ್ತ ಹೇಳುತ್ತ ಅವಳ ಕಿತ್ತಳೆ ಕನ್ನಡಕದ ಕೆಳಗಿನಿಂದ ನೀರು ಇಳಿಯಿತು. ಅಕ್ಕ ಅವಳ ಬೆನ್ನ ಮೇಲೆ ಕೈಯಿಟ್ಟರು.

ಪ್ರೊಫೆಸರ್ ಹೊರಗೆ ಹೋಗಿ ತಮ್ಮ ಕೋಣೆಯ ಕುರ್ಚಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದು ಅಕ್ಕನ ಹಿಂದೆ ಇಟ್ಟರು. "ಕೂತ್ಕೊಳ್ಳಿ."

"ಕೂರಲ್ಲ ಸರ್. ನಾನೊಂದು ಸಲ ಒತ್ತಲಾ?"

ಒತ್ತಿದರು. ಆ ಸಲದ ದುಂಡು ಬೆಳಗಿನಿಂದ ಬಂದ ಎಲ್ಲಕ್ಕಿಂತ ಕಪ್ಪಾಗಿತ್ತು. ಇದು ಕಾಕತಾಳೀಯ ಎಂದು ಹುಡುಗಿ ಇವತ್ತಿಗೂ ವಾದಿಸುತ್ತಾಳೆ. ನಾನು ಒಪ್ಪುವುದಿಲ್ಲ.

ನಾಲ್ಕು ತಿಂಗಳ ನಂತರ ಇನ್ನೆರಡು ಲೇಸರುಗಳ ಸಹಾಯದಿಂದ ಸುಲಭವಾಗಿ ಬಿಚ್ಚಿಕೊಳ್ಳುತ್ತಿದ್ದ ಅದೇ ಸಡಿಲ ಜೋಡಿಗಳನ್ನು ಗಟ್ಟಿ ಅಣುಗಳನ್ನಾಗಿ ಮಾಡಿದರು. ಹುಡುಗಿ ಗಡುವಿಗೆ ಹತ್ತೊಂಬತ್ತು ದಿನ ಮೊದಲೇ ಪ್ರಬಂಧ ಒಪ್ಪಿಸಿದಳು. ಪತ್ರಿಕೆಯಲ್ಲಿ ಬಂದ ಲೇಖನಕ್ಕೆ ಐವರು ಲೇಖಕರು, ಐದನೆಯವರು ವೈಂಡಿಂಗ್ ಅಕ್ಕ. ಅಂಥ ಕೆಲಸಕ್ಕೆ ಕೊನೆಯಲ್ಲೊಂದು ಕೃತಜ್ಞತೆ ಸಾಕು ಎಂದು ಆಡಳಿತದವರು ಆಕ್ಷೇಪಿಸಿದಾಗ ಪ್ರೊಫೆಸರ್ ಮೆತ್ತಗೆ, ಎಂದಿನ ದನಿಯಲ್ಲಿ, ಹಾಗಾದರೆ ಲೇಖನವನ್ನೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದರಂತೆ. ಆಕ್ಷೇಪ ಅಲ್ಲಿಗೇ ಮುಗಿಯಿತು.

ಕಳೆದ ತಿಂಗಳು ಬೇರೆ ದೇಶದ ಪ್ರಯೋಗಾಲಯದಿಂದ ಇಬ್ಬರು ಬಂದಿದ್ದರು. ಕಾಯಿಲನ್ನು ಮೇಲಿಂದ ಕೆಳಗೆ ನೋಡಿ, ಇದನ್ನು ಮಾಡಿದ ಕಂಪನಿ ಯಾವುದು ಎಂದು ಕೇಳಿದರು. ಪ್ರೊಫೆಸರ್ ಅವರನ್ನು ವರ್ಕ್‌ಷಾಪಿಗೆ ಕರೆತಂದರು. ಅಕ್ಕ ಆಗ ಒಂದು ಪಂಪಿನೊಳಗೆ ಮೊಣಕೈವರೆಗೆ ಕೈ ಹಾಕಿ ಕೂತಿದ್ದರು. ಬಂದವರು ಬಾಗಿ ಕೈಚಾಚಿದರು. ಅಕ್ಕ ಗ್ರೀಸು ಮೆತ್ತಿದ ಕೈಯನ್ನು ನೋಡಿಕೊಂಡು, ಒರೆಸಿಕೊಳ್ಳಲು ಹೋದರೆ ತಡವಾಗುತ್ತದೆಂದು ಹಾಗೆಯೇ ಕೊಟ್ಟರು. ಅವರು ಆ ಕೈಯನ್ನು ಬೇಗ ಬಿಡಲಿಲ್ಲ. ಎಂಟು ಕಾಯಿಲಿಗೆ ಬೇಡಿಕೆ ಬರೆದು ಕೊಟ್ಟು ಹೋದರು. ಅದರಲ್ಲಿ ಮೂರು ಮುಗಿದಿವೆ. ನಾಲ್ಕನೆಯದಕ್ಕೆ ನಾಳೆ ಬೆಳಿಗ್ಗೆ ತಮ್ಮ ಬರುತ್ತಾನೆ, ಚಕ್ರಕ್ಕೆ ನಾನು ಈಗಷ್ಟೇ ಎಣ್ಣೆ ಬಿಟ್ಟು ಬಂದೆ.